ಕಮಲಿಯ ಹೊಟ್ಟೆಯೂ ನನ್ನ ಭಾಷಣವೂ

ಮನುಷ್ಯನಿಗೆ ತನ್ನ ಹೊಟ್ಟೆ ಹೊರೆಯುವುದೇ ಕಷ್ಟ. ಹಾಗಿರುವಾಗ ನಾನು ಆ ವರ್ಷ ಮಳೆ ಹಿಂದೆಗೆದಂದಿನಿಂದ ದೀಪಾವಳಿ ಕಳೆಯುವವರೆಗೂ ನನ್ನ ನಾಲ್ಕು ವರ್ಷದ ಮಗಳ ಗೇಣುದ್ದದ ಹೊಟ್ಟೆಯನ್ನು ಹೊತ್ತುಕೊಂಡು ಭಟ್ಕಳ, ಹೊನ್ನಾವರ, ಕುಮಟೆ ಎಂದು ತಿರುಗಿದೆ. ತಿರುಗಿ ತಿರುಗಿ ನನ್ನ ಚಪ್ಪಲಿ ಸವೆಯಿತು, ರಜೆ ಸವೆಯಿತು, ಮುಖವೂ ಸವೆಯಿತು. ಹೊಟ್ಟೆನೋವು ಮಾತ್ರ ಸವೆಯಲಿಲ್ಲ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಮನೆ ಹಳದೀಪುರ, ಕೆಲಸ ಹೊನ್ನಾವರದ ಬ್ಲಾಕ್ ಆಫೀಸಿನಲ್ಲಿ. ನಾನೊಬ್ಬ ಗ್ರಾಮಸೇವಕ. ಗ್ರಾಮಸೇವಕ ಎಂದರೆ ಗ್ರಾಮದಲ್ಲಿ ಯಾರೂ ಕೇಳದ ಸೇವೆಯನ್ನು ಮನೆಮನೆಗೆ ಹೋಗಿ ಮಾಡುವವನು. ಗೊಬ್ಬರದ ಗುಂಡಿ ತೋಡಿ ಎನ್ನುತ್ತಿದ್ದೆ, ಭತ್ತವನ್ನು ಸಾಲಿನಲ್ಲಿ ನೆಡಿ ಎನ್ನುತ್ತಿದ್ದೆ. ಒಂದೆರಡು ವರ್ಷದಿಂದೀಚೆಗೆ ಮಕ್ಕಳನ್ನು ಕಡಿಮೆ ಮಾಡಿಕೊಳ್ಳಿ ಎನ್ನುವುದೂ ಅದರೊಳಗೆ ಸೇರಿತ್ತು. ಕೆಂಪು ತ್ರಿಕೋನದ ಒಂದು ಚಿತ್ರಪಟವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಊರೂರು ಅಲೆಯುತ್ತಿದ್ದೆ. ಎರಡು ಅಥವಾ ಮೂರು ಸಾಕು ಎಂಬುದು ಅದರ ಸಾರ. (ನಮಗೆ ಆಗಲೇ ನಾಲ್ವರು. ಆದರೆ ಸರಕಾರ ಈ ಮಾತು ಹೇಳುವ ಮೊದಲೇ ಅವರು ಹುಟ್ಟಿದ್ದರು. ಹಿಂದಿನ ತಾರೀಖಿಗೆ ಕಾನೂನು ಅನ್ವಯಿಸುವುದಿಲ್ಲವೆಂದು ಸಭೆಗಳಲ್ಲಿ ನಾನೇ ಸಮಜಾಯಿಷಿ ಕೊಡುತ್ತಿದ್ದೆ.)

ಆ ನಾಲ್ವರಲ್ಲಿ ಕಡೆಯವಳು ಕಮಲಿ. ಅವಳ ಹೊಟ್ಟೆನೋವಿಗೆ ಒಂದು ಕ್ರಮವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಜ್ವರವಿಲ್ಲ, ವಾಂತಿಯಿಲ್ಲ, ಭೇದಿಯಿಲ್ಲ. ಬೆಳಿಗ್ಗೆ ಗಂಜಿ ಉಂಡು, ಅಣ್ಣಂದಿರ ಪಾಲಿನ ಹಪ್ಪಳವನ್ನೂ ಕಿತ್ತು ತಿಂದು, ನಾನು ಬಸ್ಸಿಗೆ ಓಡುವ ಹೊತ್ತಿಗೆ ಸರಿಯಾಗಿ ಹೊಕ್ಕುಳ ಹಿಡಿದುಕೊಂಡು ನೆಲಕ್ಕೆ ಬೀಳುತ್ತಿದ್ದಳು. ತಾಸುಗಟ್ಟಲೆ ಅತ್ತು, ಯಾರದಾದರೂ ಮಡಿಲು ಸಿಕ್ಕಿದರೆ ಅಲ್ಲೇ ನಿದ್ದೆ. ಎದ್ದರೆ ಏನೂ ಆಗಿಲ್ಲದವಳ ಹಾಗೆ ಆಟ. ಮರುದಿನ ಮತ್ತೆ ಅದೇ.

ಮೊದಲ ಚಿಕಿತ್ಸೆ ನನ್ನ ಅಮ್ಮನದು. ಓಮದ ಕಷಾಯ, ಬಜೆ ತೇಯ್ದದ್ದು, ಇಂಗು ಕದಡಿ ಹೊಕ್ಕುಳ ಸುತ್ತ ಬಳಿದದ್ದು ಎಲ್ಲ ಆಯಿತು. ಆಮೇಲೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಹಾಗಾಗಿ ದೃಷ್ಟಿಯೇ ತಾಗಿದೆ ಎಂದು ತೀರ್ಮಾನ. ನಾನು ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಂತರ ಹೊಟ್ಟೆ ತಿಕ್ಕುವುದರಲ್ಲಿ ಪ್ರಸಿದ್ಧಳಾದ ಮಾದಿ ಬಂದು ಕೊಬ್ಬರಿ ಎಣ್ಣೆ ಹಚ್ಚಿ ನೀವಿ, ನಾಭಿ ಜಾರಿಲ್ಲ, ಇದು ಬೇರೆಯದೇ ಎಂದಳು. ಬೇರೆ ಎಂದರೆ ಎಂತದ್ದು ಎಂದು ಕೇಳಿದೆ. ನೀವು ಬಸ್ಸಿಗೆ ಹೋಗಿ, ತಡ ಆತದೆ ಎಂದಳು. ನಾನು ಬಸ್ಸಿಗೆ ಹೋದೆ.

ಹಳ್ಳಿ ಮದ್ದಿನ ಮೇಲೆ ನನಗೇನೂ ತಿರಸ್ಕಾರವಿಲ್ಲ. ಆದರೆ ಊರಿಗೆಲ್ಲ ವೈಜ್ಞಾನಿಕ ದೃಷ್ಟಿ ಹಂಚುವವನು ಸ್ವಂತ ಮಗಳಿಗೆ ಮೆಣಸು ನಿವಾಳಿಸುತ್ತ ಕುಳಿತರೆ ಹೇಗೆ? ಹೊನ್ನಾವರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಜಂತು ಎಂದರು. ಜಂತಿನ ಔಷಧಿ ಸಿಹಿಯಾಗಿತ್ತು, ಕಮಲಿ ಬಾಟಲಿಯನ್ನೇ ಕೇಳಿದಳು. ಜಂತು ಬೀಳಲಿಲ್ಲ, ಇದ್ದರಲ್ಲವೇ ಬೀಳುವುದು.

ಭಟ್ಕಳದಲ್ಲಿ ಒಬ್ಬ ಹಕೀಮರಿದ್ದಾರೆ, ನಾಡಿ ಹಿಡಿದರೆ ಏಳು ತಲೆಮಾರಿನ ಅಜೀರ್ಣ ಹೇಳುತ್ತಾರೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಸರಿ, ಶರಾವತಿ ದಾಟಲು ಲಾಂಚ್ ಹತ್ತಿದೆವು. ಬೆಳಗಿನಿಂದ ಸಂಜೆಯವರೆಗೆ ಕಮಲಿ ನನ್ನ ಸೊಂಟ ಬಿಟ್ಟು ಇಳಿಯಲಿಲ್ಲ, ಅವತ್ತು ನೋವೂ ಬರಲಿಲ್ಲ. ಹಕೀಮರ ಮುಂದೆ ಅವಳು ಕಿಲಕಿಲ ನಗುತ್ತ ಕುಳಿತಿದ್ದರೆ ನಾನು ನೋವಿನ ಭೀಕರತೆಯನ್ನು ಬೆವರಿಳಿಸಿಕೊಂಡು ವರ್ಣಿಸುತ್ತಿದ್ದೆ. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ನನ್ನ ನಾಡಿ ಹಿಡಿದರು. ಕೊಟ್ಟ ಚೂರ್ಣವೂ ನನಗೇ. ಊಟದ ನಂತರ ಎರಡು ಹೊತ್ತು ತೆಗೆದುಕೊಂಡೆ, ತಕ್ಕಮಟ್ಟಿಗೆ ಹಸಿವಾಯಿತು.

ಕುಮಟೆಯ ಡಾಕ್ಟರರು ಇನ್ನೂ ಗಂಭೀರ ಮನುಷ್ಯ. ಮಲಪರೀಕ್ಷೆ ಆಗದೆ ಬಾಯಿ ಬಿಡುವುದಿಲ್ಲ ಎಂದರು. ಮಾದರಿಯನ್ನು ಒಯ್ಯಲು ಮನೆಯಲ್ಲಿ ಸಿಕ್ಕಿದ ಗಟ್ಟಿ ಮುಚ್ಚಳದ ಡಬ್ಬಿ ಒಂದೇ, ತೀರಿಹೋದ ನಮ್ಮಪ್ಪನ ನಸ್ಯದ ಡಬ್ಬಿ. ಅದನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡು ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲಿ ಯಾರು? ನನಗೆ ಮೂರನೆಯ ಇಯತ್ತೆಯಲ್ಲಿ ಮಗ್ಗಿ ಕಲಿಸಿದ ಶಾಂತಾರಾಮ ಮಾಸ್ತರರು, ಮೂಗಿನಲ್ಲಿ ಉಸಿರಿಗಿಂತ ಹೆಚ್ಚು ನಸ್ಯ ಎಳೆಯುವವರು. ಡಬ್ಬಿಯ ಗುರುತು ಅವರಿಗೆ ಕೂಡಲೇ ಹತ್ತಿತು. ಒಂದು ಚಿಟಿಕೆ ಕೊಡು ಎಂದು ಕೈಯೊಡ್ಡಿದರು. ನಾನು ನಸ್ಯ ಬಿಟ್ಟಿದ್ದೇನೆ ಎಂದೆ. ಬಿಟ್ಟವನು ಡಬ್ಬಿ ಯಾಕೆ ಹಿಡಿದಿದ್ದೀಯ ಎಂದರು. ಖಾಲಿ ಎಂದೆ. ಖಾಲಿ ಡಬ್ಬಿಯನ್ನು ಯಾರೂ ಹೀಗೆ ಎರಡು ಕೈಯಲ್ಲಿ ಹಿಡಿಯುವುದಿಲ್ಲ ಎಂದರು. ಗುರುವಿಗೆ ಸತ್ಯ ಹೇಳುವುದೋ, ಡಬ್ಬಿ ಕೊಡುವುದೋ? ಎರಡೂ ನನ್ನಿಂದಾಗಲಿಲ್ಲ. ಒಂದು ಚಿಟಿಕೆ ನಸ್ಯಕ್ಕೆ ಗುರುವಿನ ಹತ್ತಿರ ಸುಳ್ಳು ಹೇಳಿದ ಶಿಷ್ಯ ಎಂದು ಅವರು ಇವತ್ತಿಗೂ ನನ್ನನ್ನು ಮಾತನಾಡಿಸುವುದಿಲ್ಲ.

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಡಾಕ್ಟರರು ಕನ್ನಡಕ ತೆಗೆದು ಒರೆಸಿ, ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ ಎಂದರು. ಒಳಗೆ ಏನಾದರೂ ಇರಬಹುದು ಎಂದೂ ಸೇರಿಸಿದರು.

ಆ 'ಏನಾದರೂ' ಎಂಬ ಮಾತು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಅಲ್ಲಿಯವರೆಗೆ ನಾನು ಸಿಟ್ಟಿನಿಂದ ತಿರುಗಿದ್ದೆ, ಅವತ್ತಿನಿಂದ ಹೆದರಿಕೆಯಿಂದ ತಿರುಗಿದೆ. ವಾಪಸು ಬರುವ ಬಸ್ಸಿನಲ್ಲಿ ಕಮಲಿ ನನ್ನ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಇವಳಿಗೇನಾದರೂ ಆದರೆ ನಾನು ಬದುಕುವುದಿಲ್ಲ ಎಂದು ಅನ್ನಿಸಿತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಹಳದೀಪುರ ಬರುವವರೆಗೂ ಕಣ್ಣು ಒರೆಸಿಕೊಂಡೆ.

ಹುಬ್ಬಳ್ಳಿಗೆಂದು ರಜೆ ಕೇಳಿದರೆ ಸಾಹೇಬರು ಕೊಡಲಿಲ್ಲ. ಹಳದೀಪುರದ ಮಹಿಳಾ ಮಂಡಳದಲ್ಲಿ ಕುಟುಂಬ ಯೋಜನೆಯ ಸಭೆಯಿದೆ, ಕುಮಟೆಯಿಂದ ಡಾಕ್ಟರಬಾಯಿ ಬರುತ್ತಾರೆ, ಅದನ್ನು ಮುಗಿಸಿ ಎಲ್ಲಿಗಾದರೂ ಹೋಗಿ ಎಂದರು. ನನಗೆ ತಲೆಯಲ್ಲಿ ಬೆಳಕು ಹೊತ್ತಿತು. ಡಾಕ್ಟರಬಾಯಿ ನಮ್ಮೂರಿಗೇ ಬರುವಾಗ ಕಮಲಿಯನ್ನೂ ತೋರಿಸಿಬಿಟ್ಟರಾಯಿತಲ್ಲ. ಮಗುವನ್ನು ಕರೆದುಕೊಂಡು ಸಭೆಗೆ ಬಾ ಎಂದು ಹೆಂಡತಿ ಮಾದೇವಿಗೆ ಹೇಳಿದೆ.

ಮಾದೇವಿ ಸಾಮಾನ್ಯವಾಗಿ ನನ್ನ ಮಾತಿಗೆ ಒಂದಕ್ಕೆರಡು ಉತ್ತರ ಕೊಡುವವಳು. ಅವತ್ತು ಮೊರದಲ್ಲಿದ್ದ ಅಕ್ಕಿಯನ್ನು ನೋಡುತ್ತ, "ಆ ಸಭೆಗೆ ಮಾತ್ರ ನನ್ನ ಕರೀಬೇಡಿ" ಎಂದಳು.

ಸಂಕೋಚವೆಂದುಕೊಂಡೆ. ಮಗುವಿನ ಪ್ರಾಣಕ್ಕಿಂತ ಸಂಕೋಚ ದೊಡ್ಡದೇ ಎಂದು ರೇಗಿ, ಗೃಹಸ್ಥಾಶ್ರಮದ ಸಕಲ ಅಧಿಕಾರವನ್ನೂ ಪ್ರಯೋಗಿಸಿ ಒಪ್ಪಿಸಿದೆ. (ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಗೆದ್ದ ವಾದ ಅದೊಂದೇ. ಸೋತಿದ್ದರೆ ಎಷ್ಟು ಚೆನ್ನಾಗಿತ್ತು.)

ಸಭೆಗೆ ಹೆಂಗಸರು ತುಂಬಿದ್ದರು. ಅಮ್ಮ, ಮಾದಿ ಇಬ್ಬರೂ ಹಿಂದಿನ ಸಾಲಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ನಾನು ಚಿತ್ರಪಟ ಬಿಚ್ಚಿ ಗೋಡೆಗೆ ತೂಗು ಹಾಕಿ, ಮಿತ ಸಂತಾನವೇ ಸುಖ ಸಂಸಾರದ ಸೋಪಾನ ಎಂದು ಆರಂಭಿಸಿದೆ. ದಂಪತಿಗಳಿಗೆ ಸಂಯಮವಿರಬೇಕು, ದೂರದೃಷ್ಟಿಯಿರಬೇಕು, ಮನೆಯ ಯಜಮಾನನಾದವನು ಮನೆಯೊಳಗೆ ಏನು ನಡೆಯುತ್ತಿದೆಯೆಂದು ತಿಳಿದಿರಬೇಕು ಎಂದೆ. ಹಿಂದಿನ ಸಾಲಿನಿಂದ ನಗು ಕೇಳಿಸಿತು. ಹೆಂಗಸರು ಇಂಥ ವಿಷಯಕ್ಕೆ ನಗುವುದು ಸಹಜವೆಂದು ಮುಂದುವರಿಸಿದೆ. ಮಾದೇವಿ ಸೆರಗನ್ನು ಭುಜದ ತುಂಬ ಹೊದ್ದುಕೊಂಡು ಕಂಬದ ಮರೆಗೆ ಸರಿದಳು.

ಭಾಷಣ ಮುಗಿದದ್ದೇ ಕಮಲಿಯನ್ನು ಎತ್ತಿ ಡಾಕ್ಟರಬಾಯಿಯ ಮುಂದಿನ ಮೇಜಿನ ಮೇಲೆ ಕೂರಿಸಿದೆ. ಅವರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ರೆಪ್ಪೆ ಬಿಡಿಸಿ, ಎಲ್ಲ ಚೆನ್ನಾಗಿದೆಯಲ್ಲ ಎಂದರು. ಆಮೇಲೆ, ಇಷ್ಟು ದಿನ ಯಾವ ಡಾಕ್ಟರರೂ ಮಾಡದ ಒಂದು ಕೆಲಸ ಮಾಡಿದರು. ನನ್ನನ್ನು ಸುಮ್ಮನಿರಿಸಿ ಮಗುವನ್ನೇ ಕೇಳಿದರು, ನೋವು ಯಾವಾಗ ಬರುತ್ತದೆ ಎಂದು.

ಕಮಲಿ ಕಾಲಾಡಿಸುತ್ತ ಸಭೆಗೆಲ್ಲ ಕೇಳುವ ಹಾಗೆ ಹೇಳಿದಳು:

"ಅಮ್ಮ ಬಾವಿ ಹಿಂದೆ ಹೋಗಿ ಓಕರಿಸ್ತದೆ. ಮತ್ತೆ ಬಂದು ಹೊಟ್ಟೆ ಹಿಡ್ಕಂಡು ಮಲಗ್ತದೆ. ನನ್ನ ಎತ್ಕಣುದಿಲ್ಲ. ಆಗ ನಂಗೂ ಇಲ್ಲಿ ನೋವು ಬತ್ತದೆ."

ಡಾಕ್ಟರಬಾಯಿ ಕಮಲಿಯ ಹೊಟ್ಟೆಯಿಂದ ಕೈ ತೆಗೆದು ಕಂಬದ ಕಡೆ ನೋಡಿದರು. ಸಭೆಯೂ ಕಂಬದ ಕಡೆ ನೋಡಿತು. ಕಟ್ಟಕಡೆಗೆ ನಾನೂ ನೋಡಿದೆ.

ಆಗ ನನ್ನ ಅಮ್ಮ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿ ನಿಧಾನವಾಗಿ ಬಾಯಿ ತೆರೆದಳು. "ಕಿರಿದಕ್ಕೆ ಹೊಟ್ಟೆನೋವು ಅಂದ್ರೆ ತಾಯಿಗೆ ತಿಂಗಳು ನಿಂತದೆ ಅಂತಲೇ ಲೆಕ್ಕ. ಮಾದಿ ಅವತ್ತೇ ಹೇಳಿದ್ಲು. ಕೇರಿಗೆಲ್ಲಾ ಗೊತ್ತಿತ್ತು."

"ಮತ್ತೆ ನಂಗೆ ಎಂತಕ್ಕೆ ಹೇಳ್ಲಿಲ್ಲ?" ಎಂದೆ.

"ನೀ ಊರ ಡಾಕ್ಟರ್ರ ಹತ್ರ ಎಲ್ಲಾ ಕೇಳ್ದೆ, ಮಾಬ್ಲೇಶ್ವರ. ಮನೆಯೊಳಗೆ ಯಾರ ಹತ್ರ ಕೇಳಿದ್ಯಾ?"

ನನ್ನ ಬೆನ್ನ ಹಿಂದಿನ ಚಿತ್ರದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ನಗುತ್ತಿದ್ದರು. ಮುಂದೆ ಸಭೆ ನಗುತ್ತಿತ್ತು. ಡಾಕ್ಟರಬಾಯಿ ಮಾತ್ರ ನಗದೆ ನನ್ನನ್ನು ಬದಿಗೆ ಕರೆದು, ಹುಬ್ಬಳ್ಳಿ ಬೇಡ ಎಂದರು. ಮಗುವಿನದು ಸುಳ್ಳಲ್ಲ, ನೋವು ನಿಜವೇ, ಆದರೆ ಅದಕ್ಕೆ ಬಾಟಲಿಯಲ್ಲಿ ಔಷಧಿಯಿಲ್ಲ, ತನಗಿದ್ದ ಮಡಿಲು ಹೋಯಿತೆಂಬ ಹೆದರಿಕೆ ಅದು ಎಂದರು. ತಾಯಿ ಇನ್ನು ಭಾರ ಎತ್ತುವ ಹಾಗಿಲ್ಲವಾದ್ದರಿಂದ ನೀವು ಎತ್ತಿಕೊಳ್ಳಿ ಎಂದರು. ಎಷ್ಟು ದಿನ ಎಂದು ಕೇಳಿದೆ. ಅವಳಾಗಿ ಇಳಿಯುವವರೆಗೆ ಎಂದರು.

ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು ನಿಜ. ಆದರೆ ಒಳಗೆ 'ಏನಾದರೂ' ಇಲ್ಲ ಎಂಬ ಸಮಾಧಾನ ಆ ನಾಚಿಕೆಗಿಂತ ದೊಡ್ಡದಿತ್ತು. ಮನೆಗೆ ಬಂದು, ನೀನಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಮಾದೇವಿಯನ್ನು ಕೇಳಿದೆ.

"ದಿನಾ ರಾತ್ರಿ ಆ ಪಟ ಹಿಡ್ಕಂಡು ಕನ್ನಡಿ ಮುಂದೆ ಭಾಷಣ ಕಲೀತಿದ್ರಿ. ಅದನ್ನ ಕೇಳಿ ಕೇಳಿ, ತಪ್ಪು ನಾ ಒಬ್ಬಳೇ ಮಾಡಿದ್ನೇನೋ ಅಂತ ಹೆದ್ರಿಕೆ ಆಗಿತ್ತು" ಎಂದಳು.

ತಪ್ಪಾಯಿತು ಎಂದೆ. ಅಂಗಳದಲ್ಲಿದ್ದ ಕಮಲಿಯನ್ನು ಎತ್ತಿಕೊಂಡೆ.

ಎತ್ತಿಕೊಂಡವನು ಇಳಿಸಲಿಲ್ಲ, ಇಳಿಸಲು ಅವಳು ಬಿಡಲಿಲ್ಲ. ನೋವು ಮಾತ್ರ ಹೇಳದೆ ಕೇಳದೆ ಹೋಯಿತು. ಸೊಂಟದ ಮೇಲೆ ಮಗಳು, ಕಂಕುಳಲ್ಲಿ ಪಟ, ಹೀಗೆ ನನ್ನ ಸರಕಾರಿ ಸೇವೆ ಸಾಗಿತು. ನೋವು ಈಗ ನನ್ನ ಸೊಂಟದಲ್ಲಿದೆ, ಅದಕ್ಕೆ ಯಾವ ಡಾಕ್ಟರರನ್ನೂ ನಾನು ಕೇಳಿಲ್ಲ. ಸಾಹೇಬರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಬಿಟ್ಟುಬಿಟ್ಟರು. ಹಳದೀಪುರದ ಸುದ್ದಿ ಹೊನ್ನಾವರಕ್ಕೆ ತಲುಪಿದ್ದಕ್ಕೇ ಇರಬೇಕು, ಸ್ವಲ್ಪ ದಿನ ನನ್ನನ್ನು ದೂರದ ಊರುಗಳಿಗೇ ಕಳಿಸಿದರು. ಪಕ್ಕದ ತಾಲೂಕಿನ ಅಘನಾಶಿನಿ ಎಂಬ ಊರಿಗೆ ಎರವಲಾಗಿ ಹೋದದ್ದು ಹಾಗೆ. ಅಲ್ಲಿ ನನ್ನನ್ನು ಬಲ್ಲವರಿಲ್ಲ ಎಂಬುದೊಂದೇ ಧೈರ್ಯ.

ಹೊಳೆಯಲ್ಲಿ ಚಿಪ್ಪು ಆರಿಸಿ ಬಂದ ಹೆಂಗಸರು ಬುಟ್ಟಿ ಇಳಿಸಿ ದಂಡೆಯ ಮೇಲೆ ಕುಳಿತರು. ಎಷ್ಟೋ ದಿನಗಳ ನಂತರ ಮಾತು ಸರಾಗವಾಗಿ ಬಂತು. ಸಂಯಮ, ದೂರದೃಷ್ಟಿ, ಎರಡು ಅಥವಾ ಮೂರು ಸಾಕು, ಎಲ್ಲವನ್ನೂ ಹೇಳಿದೆ. ತಲೆಯಾಡಿಸಿದರು. ಕಡೆಗೆ ಮುಂದೆ ಕುಳಿತಿದ್ದ ನಾಗಿ ಎಂಬವಳು, ಎಲ್ಲ ಸರಿ, ನಿಮಗೆ ಎಷ್ಟು ಮಕ್ಕಳು ಎಂದು ಕೇಳಿದಳು.

ನಾನು ಕೆಮ್ಮಿದೆ. ಹಿಂದಿನ ತಾರೀಖಿನ ಸಮಜಾಯಿಷಿಯನ್ನು ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುವಷ್ಟರಲ್ಲಿ ಸೊಂಟದ ಮೇಲಿದ್ದ ಕಮಲಿ ಅಂಗೈ ಅಗಲಿಸಿ ಎತ್ತಿ ತೋರಿಸಿದಳು. ಒಂದೊಂದೇ ಬೆರಳು ಹಿಡಿದು ಅಣ್ಣಂದಿರ ಹೆಸರು ಹೇಳಿ, ತನ್ನ ಹೆಸರು ಹೇಳಿ, ಹೆಬ್ಬೆರಳಿಗೆ ಬಂದಾಗ, "ಇದು ಅಮ್ಮನ ಹೊಟ್ಟೆಯೊಳಗೆ ಅದೆ" ಎಂದಳು.

ನಾಗಿ ಆ ಐದು ಬೆರಳನ್ನೂ ನೋಡಿದಳು, ಪಟವನ್ನೂ ನೋಡಿದಳು.

"ಹಂಗಾದ್ರೆ ಆತು. ನಂಗೆ ನಾಕೇ, ಇನ್ನೊಂದಕ್ಕೆ ಅಡ್ಡಿಲ್ಲ" ಎಂದು ಎದ್ದು ಬುಟ್ಟಿಯನ್ನು ತಲೆಗೇರಿಸಿಕೊಂಡಳು. ಉಳಿದವರೂ ಎದ್ದರು. ಪಟದ ಹತ್ತಿರ ಒಬ್ಬರೂ ಬರಲಿಲ್ಲ, ಕಮಲಿಯ ಕೆನ್ನೆ ಹಿಂಡಲು ಮಾತ್ರ ಎಲ್ಲರೂ ಸರದಿಯಲ್ಲಿ ಬಂದರು.