ಅಡಿಯಲ್ಲಿದ್ದ ವಾಫಲ್

ಉತ್ತರ ಧ್ರುವದ ಬಳಿಯ ಲೋಫೋಟನ್ ದ್ವೀಪಗಳ ಕೊರೆಯುವ ಸಮುದ್ರದಲ್ಲಿ ಆಯುಷ್ಯವೆಲ್ಲ ಬಲೆ ಎಳೆದವನು ನಾನು. ಹೆಂಡತಿಯ ಹೊಟ್ಟೆಗೆ ಒಂದಿಷ್ಟು ಪುಡಿ ಇಳಿಸುವುದು ಯಾವ ಮಹಾ ಕೆಲಸ! ಹಾಗಂತ ಎದೆ ತಟ್ಟಿಕೊಂಡೆ.

ರಾಗ್ನಾ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳಲ್ಲಿ ಉಳಿದಿದ್ದದ್ದು ಮೂಳೆ ಮತ್ತು ಬಾಯಿ. ಡಿಸೆಂಬರಿನಲ್ಲಿ ಸೂರ್ಯ ಎಂದಿನಂತೆ ರಜೆ ಹಾಕಿದ. ಒಲೆಯ ಒಣ ಬಿಸಿಗೆ ಅವಳ ಬೆರಳ ಗೆಣ್ಣುಗಳು ಬಿರಿದವು, ಆಸ್ಪತ್ರೆಯಲ್ಲಿ ಮಲಗಿ ಮಲಗಿ ಹಿಮ್ಮಡಿಯಲ್ಲಿ ಆಗಿದ್ದ ಹುಣ್ಣು ಮಾಯಲೇ ಇಲ್ಲ.

ಮನೆಗೆ ಬರುವ ನರ್ಸ್ ತೂವಾ ನನ್ನನ್ನು ಹೊರಗೆ ಕರೆದು ಹೇಳಿದಳು: “ಬರೀ ಮುಲಾಮು ಸವರಿದ್ರೆ ಆಗಲ್ಲ, ಐಲರ್ಟ್. ಹೊಟ್ಟೆಗೆ ಶಕ್ತಿ ಬೀಳದೆ ಚರ್ಮ ಕೂಡಲ್ಲ. ಹುಣ್ಣು ಇನ್ನೂ ಆಳಕ್ಕಿಳಿದ್ರೆ ಮತ್ತೆ ಆಸ್ಪತ್ರೆಗೇ.”

ಮತ್ತೆ ಅಲ್ಲಿಗೆ ಹೋದರೆ ವಾಪಸು ಬರುವುದಿಲ್ಲ ಎಂದು ರಾಗ್ನಾ ಮೊದಲೇ ಹೇಳಿದ್ದಳು. ಆದರೂ ತೂವಾ ಕೊಟ್ಟ ಪೌಷ್ಟಿಕಾಂಶದ ಪುಡಿಯನ್ನು ಮಹಾರಾಣಿ ಮೂಸಿ ನೋಡಿ ದೂರ ತಳ್ಳಿದಳು.

“ಕರುವಿಗೆ ಹಾಕೋ ಹಿಟ್ಟು ಇದು. ನೀನೇ ತಿನ್ನು.”

ಸರಿ, ಕಳ್ಳದಾರಿ ಹಿಡಿದೆ. ಗಂಜಿಗೆ ಬೆರೆಸಿದೆ, ಮೀನಿನ ಸಾರಿಗೆ ಬೆರೆಸಿದೆ. ಹುಣ್ಣು ಜಪ್ಪಯ್ಯ ಅನ್ನಲಿಲ್ಲ. ಪುಡಿ ಸಾಲದೆಂದುಕೊಂಡು ಈ ಸಲ, ತೂವಾ ಬರುವ ದಿನ, ಒಂದೇ ವಾಫಲ್‌ನ ಹಿಟ್ಟಿಗೆ ಧಾರಾಳವಾಗಿ ಸುರಿದೆ. ಅದನ್ನು ತಟ್ಟೆಯಲ್ಲಿ ಎಲ್ಲಕ್ಕಿಂತ ಅಡಿಗಿಟ್ಟು ಮೇಲೆ ಎರಡು ಸಾದಾ ವಾಫಲ್ ಪೇರಿಸಿದೆ. ನಾನೂ ತೂವಾನೂ ಮೇಲಿನವನ್ನು ತೆಗೆದುಕೊಂಡರೆ ಅಡಿಯದು ರಾಗ್ನಾಳಿಗೇ. ಸೇನಾಧಿಪತಿಗಳೂ ತಲೆದೂಗುವ ಯೋಜನೆ! ಮರೆತದ್ದು ಒಂದೇ. ನಮ್ಮ ಕಡೆ ತಟ್ಟೆಯಲ್ಲಿ ಉಳಿದ ಕೊನೆಯದಕ್ಕೆ ಯಾರೂ ಕೈ ಹಾಕುವುದಿಲ್ಲ, ಹಾಕಿದವರು ಹೊಟ್ಟೆಬಾಕರು.

“ಅದು ನಿನ್ನದೇ, ರಾಗ್ನಾ,” ಎಂದೆ, ನಾನೂ ತೂವಾನೂ ಮೇಲಿನೆರಡನ್ನು ತಿಂದು ಮುಗಿಸಿದ ಮೇಲೆ.

“ತೂವಾ ತಗೊಳ್ಳಲಿ. ಪಾಪ, ಹಿಮದಲ್ಲಿ ಗಾಡಿ ಓಡಿಸ್ಕೊಂಡು ಬಂದಿದಾಳೆ.”

ಬೇಡ ಅನ್ನು ಎಂದು ತೂವಾಳಿಗೆ ಕಣ್ಣು ಮಿಟುಕಿಸಿದೆ. ಅವಳು ಅದನ್ನು ಒತ್ತಾಯವೆಂದು ತಿಳಿದು, ಮರ್ಯಾದೆಗೆ ಅರ್ಧ ಮುರಿದುಕೊಂಡು ಅರ್ಧ ಬಿಟ್ಟಳು. ರಾಗ್ನಾ ಉಳಿದ ಅರ್ಧದಲ್ಲಿ ಅರ್ಧ ಕತ್ತರಿಸಿ ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನು ಹಿಂದಕ್ಕಿಟ್ಟೆ. ಅವಳು ಮತ್ತೆ ಕತ್ತರಿಸಿದಳು. ನೋಡನೋಡುತ್ತಲೇ ನನ್ನ ಹೆಂಡತಿಯ ಆಯುಷ್ಯ ಚೂರುಚೂರಾಗುತ್ತಿತ್ತು.

“ತಿನ್ನೇ, ರಾಗ್ನಾ. ಪುಡಿಯೆಲ್ಲ ಅದರಲ್ಲೇ ಇದೆ,” ಎಂದು ಬಾಯಿಬಿಟ್ಟೆ.

“ಗೊತ್ತು,” ಎಂದಳು. “ಗಂಜೀಲೂ ಇತ್ತು, ಸಾರಲ್ಲೂ ಇತ್ತು. ನೀನು ಒಲೆಗೆ ಸೌದೆ ಹಾಕೋಕೆ ಬಗ್ಗಿದಾಗೆಲ್ಲ ನಮ್ಮಿಬ್ಬರ ಬಟ್ಟಲು ಬದಲಾಯಿಸ್ತಿದ್ದೆ.”

ತೂವಾ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. “ಅದಕ್ಕೇ ಇಷ್ಟು ನುಣುಪು! ಹಳ್ಳೀಲಿ ಎಲ್ಲರ ಕೈ ಒಡೆದಿದೆ, ನಿಮ್ಮದು ಮಾತ್ರ ಮದುಮಗಳ ಕೈ.”

ನಗು ಬರಲಿಲ್ಲ. ಕೈ ಹಿಂದಕ್ಕೆಳೆದುಕೊಂಡೆ. “ಯಾಕೆ ಹೀಗೆ ಮಾಡ್ದೆ?” ಎಂದೆ.

“ಹುಣ್ಣು ಮಾಯ್ದರೂ ನಾನು ಎಷ್ಟು ದಿನ ಇರ್ತೀನಿ? ನೀನು ಒಬ್ಬನೇ ಆದಾಗ ಸರಿಯಾಗಿ ಉಣ್ಣಲ್ಲ. ಈಗಲೇ ತಿಂದಿಟ್ಕೋ.”

ಜಗಳಕ್ಕೆಂದು ಬಾಯಿ ತೆರೆದೆ. ತಟ್ಟೆಯಲ್ಲಿದ್ದ ಚೂರನ್ನು ಬಿರಿದ ಬೆರಳಲ್ಲಿ ಎತ್ತಿ ಅವಳು ನನ್ನ ಬಾಯಿಗೇ ಇಟ್ಟಳು.