ಮೂಕ ಎಂದು ಕೊಟ್ಟ ನಾಯಿ ಹಾಡುತ್ತಿರುವ ಬಗ್ಗೆ

ಮರಿಕಿನಾದ ‘ಪುಟ್ಟ ಹೆಜ್ಜೆ’ ನಾಯಿ ಆಶ್ರಯಧಾಮದ ದತ್ತು ಸಮಿತಿಯ ಅಧ್ಯಕ್ಷೆ, ಪರಮ ಗೌರವಾನ್ವಿತ ಶ್ರೀಮತಿ ವಿಲ್ಹೆಲ್ಮಿನಾ ಆರ್ಸೆಯೊ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಧಾಮದ ಸಕಲ ನಾಯಿಗಳಿಗೂ, ನಮ್ಮ ಮನೆಗೆ ಬಂದು ಎರಡು ತಟ್ಟೆ ಶಾವಿಗೆ ಉಂಡು ನಮ್ಮ ಮೇಲೆಯೇ ವರದಿ ಬರೆದ ಪರಿವೀಕ್ಷಕಿ ಕುಮಾರಿ ತೊಲೆಂತಿನೋ ಅವರಿಗೂ ನನ್ನ ಮತ್ತು ನನ್ನ ಗಂಡ ಕ್ರಿಸಾಂತೋನ ಅನಂತ ನಮಸ್ಕಾರಗಳು. ನಮ್ಮದು ಗಲಾಟೆಯ ಮನೆಯಾದ್ದರಿಂದ, ಪ್ರಾಯೋಗಿಕವಾಗಿ ಸಾಕಲು ಕೊಟ್ಟ ಶಿಟ್ಸು ತಳಿಯ ನಾಯಿಯನ್ನು ಶನಿವಾರ ಧಾಮಕ್ಕೆ ಮರಳಿ ಕರೆದೊಯ್ಯಲಾಗುವುದೆಂಬ ತಮ್ಮ ಆದೇಶ ತಲುಪಿದೆ. ಅದು ನನ್ನ ಕೈಗೆ ಸಿಗುವ ಮೊದಲೇ ಬೀದಿಯವರೆಲ್ಲ ಓದಿ ಮುಗಿಸಿದ್ದರಿಂದ, ಉತ್ತರವನ್ನೂ ಬಹಿರಂಗವಾಗಿ ಬರೆದು ಬೇಕರಿಯ ಗೋಡೆಗೆ ಅಂಟಿಸುತ್ತಿದ್ದೇನೆ.

ನಿಜವಾಗಿ ದೂರು ಇರುವುದು ನಮ್ಮದು. ಮರಿ ಮಾರುವವರ ಪಂಜರದಲ್ಲಿ ಹೆತ್ತು ಹೆತ್ತು ಸವೆದ ಈ ಜೀವ, ಬೊಗಳಿದಾಗಲೆಲ್ಲ ಪೆಟ್ಟು ತಿಂದು ದನಿಯನ್ನೇ ಬಿಟ್ಟಿದೆ, ಇನ್ನು ಬೊಗಳುವುದು ಸಂದೇಹ ಎಂದು ತಾವೇ ಹೇಳಿ ಕೊಟ್ಟಿದ್ದಿರಿ. ಬೂಟು ಹೊಲಿಯುವ ನಮ್ಮ ಮನೆಯಲ್ಲಿ ಸುತ್ತಿಗೆ, ಅತ್ತೆ ಮತ್ತು ಕರೋಕೆ ಯಂತ್ರದ ಸದ್ದು ಬೇಕಾದಷ್ಟಿದ್ದುದರಿಂದ ನಾವೂ ಸಂತೋಷದಿಂದ ಒಪ್ಪಿದೆವು. ಸದರಿ ನಾಯಿ ತಮ್ಮ ಮಾತು ಉಳಿಸಿತು. ಹೊಲಿಗೆ ಮೇಜಿನಡಿಯಲ್ಲಿ ಮುದುಡಿ ಕೂತು, ಗಿರಾಕಿಗಳ ಎಡಗಾಲಿನ ಬೂಟುಗಳನ್ನು ಮಾತ್ರ ಆರಿಸಿಕೊಂಡು, ಬಹಳ ಮರ್ಯಾದೆಯಿಂದ, ಸದ್ದಿಲ್ಲದೆ ತಿನ್ನುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಕ್ರಿಸಾಂತೋ ಮೈಕು ಹಿಡಿದ. ಅವನು ಹಾಡಿದರೆ ಎದುರು ಮನೆಯವರು ಕಿಟಕಿ ಮುಚ್ಚುವುದಿಲ್ಲ, ಮನೆಗೇ ಬೀಗ ಹಾಕಿಕೊಂಡು ಹೋಗುತ್ತಾರೆ. ಎತ್ತರದ ಸ್ವರ ಎಟುಕದೆ ಅವನು ಒದ್ದಾಡುತ್ತಿದ್ದಾಗ ಮೇಜಿನಡಿಯಿಂದ, ತುಕ್ಕು ಹಿಡಿದ ಬಾಗಿಲು ತೆರೆದಂತೆ, ಸಣ್ಣದೊಂದು ‘ಊ’ ಬಂತು. “ಏ, ಇವಳಿಗೆ ದನಿ ಇದೆ ಕಣೇ! ನಂಜೊತೆ ಶ್ರುತಿ ಹಿಡೀತಿದಾಳೆ ಕಣೇ!” ಎಂದು ಅವನು ಮೈಕಿನಲ್ಲೇ ಕೂಗಿದ. “ಶ್ರುತಿನೂ ಇಲ್ಲ, ಗಿತಿನೂ ಇಲ್ಲ. ತಡೀಲಾರ್ದೆ ಬೈತಿದೆ ಅದು. ನಾನು ಇಷ್ಟು ವರ್ಷ ಹೇಳ್ಬೇಕು ಅಂತಿದ್ದಿದ್ದನ್ನೇ ಹೇಳ್ತು ನೋಡು,” ಎಂದರು ಅವನ ತಾಯಿ. ಮಾನ್ಯರೇ, ನನಗೆ ಅಳು ಬಂತು, ನಗುವೂ ಬಂತು; ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಅನ್ನ ಸೀದುಹೋಯಿತು.

ಇನ್ನು ಪರಿವೀಕ್ಷಣೆಯ ದಿನದ ವಿಚಾರ. ಅಂದು ಅತ್ತೆಯವರ ಹುಟ್ಟುಹಬ್ಬ. ಹುಟ್ಟುಹಬ್ಬದ ಮನೆಯ ಗೇಟು ದಾಟಿದವರು, ಕರೆಂಟು ಬಿಲ್ಲು ಕೊಡಲು ಬಂದವರೇ ಆಗಲಿ, ದೀರ್ಘಾಯುಷ್ಯದ ಶಾವಿಗೆ ತಿಂದು ಒಂದು ಹಾಡು ಹೇಳದೆ ಹೋಗುವಂತಿಲ್ಲವೆಂಬುದು ತಮಗೂ ಗೊತ್ತು. ಬಂದವರು ನಮ್ಮನ್ನು ತನಿಖೆ ಮಾಡಲು ಬಂದಿದ್ದಾರೆಂಬುದನ್ನೇ ಮರೆತು, ಅವರ ಕೈಯ ಪೆನ್ನು ಕಸಿದು ಮೈಕು ಕೊಟ್ಟದ್ದು ನಮ್ಮ ತಪ್ಪು. ಕುಮಾರಿ ತೊಲೆಂತಿನೋ ಕಣ್ಣು ಮುಚ್ಚಿ ಒಂದು ವಿರಹಗೀತೆ ಎತ್ತಿಕೊಂಡರು. ಸದರಿ ನಾಯಿ ಅವರ ತೊಡೆಯೇರಿ, ಮೈಕಿಗೆ ಮೂತಿ ಹಚ್ಚಿ ದನಿಗೂಡಿಸಿತು. ಹಾಡಿದವರಿಗೆ ಅಂಕ ಹಾಕುವ ಆ ಕರೋಕೆ ಯಂತ್ರ ನೂರಕ್ಕೆ ತೊಂಬತ್ತೆಂಟು ಕೊಟ್ಟು ತುತ್ತೂರಿ ಊದಿತು. ಪರಿವೀಕ್ಷಕಿಯವರು ಎದ್ದು ನಿಂತು ಸಭೆಗೆ ವಂದಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. “ಅದು ನಾಯಿಗೆ ಬಂದಿದ್ದಮ್ಮಾ, ನಿಂಗಲ್ಲ. ಬೇಕಾದ್ರೆ ಒಬ್ಳೇ ಹಾಡಿ ನೋಡು,” ಎಂದರು ಅತ್ತೆ. ಪರಿವೀಕ್ಷಕಿಯವರು ಒಬ್ಬರೇ ಹಾಡಿದರು. ಯಂತ್ರ ನಲವತ್ತೊಂದು ಕೊಟ್ಟಿತು. “ಇನ್ನೊಂಚೂರು ಶಾವಿಗೆ ಹಾಕ್ಲಾ?” ಎಂದು ನಾನು ಸಮಾಧಾನಕ್ಕೆ ಕೇಳಿದೆ, ಅವರು ಪೆನ್ನು ಕೇಳಿದರು.

ಸದರಿ ನಾಯಿ ನೋವಿನಿಂದ ಊಳಿಡುತ್ತದೆ ಎಂದು ಅವರು ಬರೆದಿದ್ದಾರೆ. ಎಂಥ ಸೂಕ್ಷ್ಮ ಕಿವಿ! ಆದರೆ ಮಾನ್ಯರೇ, ನೋವಿದ್ದಾಗ ಅದು ಸುಮ್ಮನಿತ್ತು. ಪಂಜರದಲ್ಲಿ ಸುಮ್ಮನಿತ್ತು, ತಮ್ಮ ಶಾಂತವಾದ ಧಾಮದಲ್ಲೂ ಸುಮ್ಮನಿತ್ತು. ಬಾಯಿ ಬಿಟ್ಟರೆ ಯಾರೂ ಹೊಡೆಯುವುದಿಲ್ಲವೆಂದು ಅದಕ್ಕೆ ಗೊತ್ತಾದದ್ದು ನಮ್ಮ ಈ ಹಾಳು ಗದ್ದಲದಲ್ಲಿ.

ಆದರೂ ತಮ್ಮ ಆದೇಶ ಶಿರಸಾವಹಿಸುವುದಾದರೆ ಕೆಲವು ವಿನಮ್ರ ಕೋರಿಕೆಗಳಿವೆ. ಕೊಟ್ಟ ಸ್ಥಿತಿಯಲ್ಲೇ ಮರಳಿಸುವುದು ನ್ಯಾಯವಾದ್ದರಿಂದ, ಸಮಿತಿಯ ಸದಸ್ಯರೆಲ್ಲ ದಯಮಾಡಿಸಿ ಅದನ್ನು ಮೊದಲು ಪುನಃ ಮೂಕವಾಗಿಸಬೇಕು. ಅದು ಆಗದಿದ್ದರೆ, ಸದರಿ ನಾಯಿ ಕ್ರಿಸಾಂತೋನ ಅಪಸ್ವರವಿಲ್ಲದೆ ಉಣ್ಣದ ಕಾರಣ, ಪಕ್ಕದ ಗೂಡಿನಲ್ಲಿ ಅವನಿಗೂ ಒಂದು ಚಾಪೆ ಹಾಕಿಸಿಕೊಡಬೇಕು. ಅವನು ಕಚ್ಚುವುದಿಲ್ಲ, ಲಸಿಕೆಗಳೂ ಆಗಿವೆ. ತೀರ್ಪುಗಾರರಾಗಿ ಅತ್ತೆಯವರು ಬರಲು ಸಿದ್ಧರಿದ್ದಾರೆ. ಬೀದಿಯವರಂತೂ ತಾಯಿ ಮಗ ಇಬ್ಬರನ್ನೂ ಬೀಳ್ಕೊಡಲು ಚಂದಾ ಎತ್ತಲು ಹೊರಟಿದ್ದಾರೆ.

ತಮ್ಮ ಆಜ್ಞೆಗೆ ತಲೆಬಾಗಿ, ತಲೆ ಎತ್ತದೆ ಕೂತಿರುವ,
ತಮ್ಮ ವಿಶ್ವಾಸಿ,
ಫ್ಲೋರ್ದೆಲಿಸಾ ಮಗ್ಬನುವಾ

ವಿ.ಸೂ.: ತಮ್ಮ ಆದೇಶದ ಉದ್ದಕ್ಕೂ ‘ಸದರಿ ನಾಯಿ’ ಎಂದಿದೆ, ಮರ್ಯಾದೆಗೆಂದು ನಾನೂ ಹಾಗೆಯೇ ಬರೆದೆ. ಅವಳಿಗೊಂದು ಹೆಸರಿದೆ. ಪುತೋ. ಬೆಳ್ಳಗೆ ಹಬೆಯಾಡುವ ಅಕ್ಕಿ ಕಡುಬಿನ ಹೆಸರು. ಶನಿವಾರ ಕರೆದೊಯ್ಯಲು ಬರುವವರು ಗೇಟಿನ ಬಳಿ ನಿಂತು ಆ ಹೆಸರು ಹಿಡಿದು ಕರೆಯಲಿ. ಅವಳು ನನ್ನ ಮಡಿಲಿನಿಂದ ಎದ್ದು ಬಂದರೆ ಕರೆದುಕೊಂಡು ಹೋಗಲಿ. ನಾನಂತೂ ಕೊಡುವುದಿಲ್ಲ, ಮಾನ್ಯರೇ.