ಮಾವನ ಮೋಟಾರು, ಅಳಿಯನ ಟ್ರಾನ್ಸಿಸ್ಟರು

ಮನೆಯಳಿಯ ತಾನಾಗಿಯೇ ಮೈಮೇಲೆ ಎಳೆದುಕೊಂಡ ಉಪದ್ರವ ಅದು. ತಾರಸಿಯ ನೀರಿನ ಟ್ಯಾಂಕಿಗೆ ಒಂದು ಸೆನ್ಸರ್ ತಂದು ಕೂರಿಸಿದ್ದ. ಟ್ಯಾಂಕು ತುಂಬಿದರೆ ಮೋಟಾರು ನಿಲ್ಲಬೇಕು, ನೀರು ಇಳಿದರೆ ಓಡಬೇಕು. ಆದದ್ದು ತಿರುಗಾಮುರುಗಾ. ಬೆಳಗ್ಗೆ ತುಂಬಿದ ಟ್ಯಾಂಕಿಗೇ ಮೋಟಾರು ನೀರು ಸುರಿದೂ ಸುರಿದೂ, ಮಹಡಿಯಲ್ಲಿ ಬಾಡಿಗೆಗಿದ್ದ ದರ್ಜಿ ಹೊಲಿದು ನೇತುಹಾಕಿದ್ದ ಕೋಟುಗಳೆಲ್ಲ ತೊಪ್ಪೆಯಾದವು. ದರ್ಜಿಯೇ ಓಡಿಹೋಗಿ ಸ್ವಿಚ್ ಆರಿಸಿದ. ಟ್ಯಾಂಕು ಬರಿದಾದ ಮೇಲೆ ಸ್ವಿಚ್ ಹಾಕಿದರೆ ಮೋಟಾರು ಕಮಕ್ ಕಿಮಕ್ ಎನ್ನಲಿಲ್ಲ. ಕೆಳಮನೆಯ ನಿವೃತ್ತ ಮೇಷ್ಟ್ರು ಮೈತುಂಬ ಸೋಪು ಹಚ್ಚಿಕೊಂಡು ಬಚ್ಚಲಿಂದ ಬೊಬ್ಬೆ ಹಾಕಿದರು.

ಮನೆಯ ಯಜಮಾನರಾದ ಮಾವ ಒಂದು ಕಾಲದ ಗಿರಣಿ ಫೋರ್‌ಮನ್. ಅಳಿಯನ ವಿಷಯದಲ್ಲಿ ಅವರದೊಂದು ಪದ್ಧತಿಯಿತ್ತು: ಅವನು ಹೇಳಿದ್ದಕ್ಕೆ ತದ್ವಿರುದ್ಧ ಮಾಡುವುದು. ಅವನು ಮಳೆ ಬರಲ್ಲ ಅಂದರೆ ಕೊಡೆ ಹಿಡಿಯುವರು. ಎಡಕ್ಕೆ ಅಂದರೆ ಬಲಕ್ಕೆ ತಿರುಗುವರು. ಮಗಳ ಮದುವೆಯಾದಂದಿನಿಂದ ಈ ಪದ್ಧತಿ ಅವರಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

"ಏನು ಅಳಿಯಂದ್ರೇ, ಇದು ಯಾವ ಸೀಮೆ ಸೆನ್ಸರು?"

"ಸೆನ್ಸರ್ ಸರಿಯಾಗೇ ಇದೆ ಮಾವ. ನೀರು ಮುಟ್ಟಿದ್ರೆ ಅದು ವೋಲ್ಟೇಜ್ ಕೊಡುತ್ತೆ. ನಮ್ಮ ಮೋಟಾರಿನ ಬೋರ್ಡು ವೋಲ್ಟೇಜ್ ಬಂದ್ರೆ ಓಡು ಅಂತ ತಿಳ್ಕೊಳ್ಳುತ್ತೆ. ಮಧ್ಯೆ ಒಂದು ಟ್ರಾನ್ಸಿಸ್ಟರ್ ಹಾಕಿದ್ರೆ ಮುಗೀತು. ಅಲ್ಲಿ ಹೌದು ಅಂದಿದ್ದು ಇಲ್ಲಿ ಇಲ್ಲ ಅಂತಾಗುತ್ತೆ. ಇದಕ್ಕೇ ಇನ್ವರ್ಟರ್ ಅನ್ನೋದು."

"ಸಂಜೆಯೊಳಗೆ ಆಗ್ಬೇಕು. ಇಲ್ದಿದ್ರೆ ಇನ್ಮುಂದೆ ನೀವೇ ಸೆನ್ಸರು! ದಿನಾ ಬೆಳಕು ಹರಿಯೋ ಮುಂಚೆ ಟ್ಯಾಂಕಿನ ಪಕ್ಕ ನಿಂತ್ಕೊಂಡು, ತುಂಬಿದ ಕೂಡ್ಲೆ ಕೂಗೋದು."

ದಿನವಿಡೀ ಕನ್ನಡಕದಂಗಡಿಯಲ್ಲಿ ನಿಂತೇ ದುಡಿಯುವ ಅಳಿಯನಿಗೆ ಬೆಳಗಿನ ನಿದ್ದೆಯೊಂದೇ ಇದ್ದ ಸುಖ. ಅಂದು ಅಂಗಡಿಗೆ ರಜೆ ಹಾಕಿ, ಒಳ್ಳೆಯ ಬೆಳಕಿದ್ದ ದರ್ಜಿಯ ಮೇಜಿನ ಮೇಲೆ ಕೆಲಸಕ್ಕೆ ಕೂತ. ಮೂರು ಕಾಲಿನ ಟ್ರಾನ್ಸಿಸ್ಟರು, ಎರಡು ರೆಸಿಸ್ಟರು, ನಾಲ್ಕಾರು ತುಂಡು ವೈರು. ಅಷ್ಟೇ ಸಾಮಾನು.

ಸೋಪು ಮೈಮೇಲೇ ಒಣಗಿ ಸುಣ್ಣ ಬಳಿದ ಗೋಡೆಯಂತಾಗಿದ್ದ ಮೇಷ್ಟ್ರು ಟವೆಲ್ಲಿನಲ್ಲೇ ಮಹಡಿ ಹತ್ತಿ ಬಂದರು. "ಮೊದಲು ಪ್ರಶ್ನೆ ಸರಿಯಾಗಿ ಓದ್ಕೋಬೇಕಪ್ಪಾ, ಆಮೇಲೆ ಉತ್ತರ!" ಎಂದು ಬೆನ್ನು ತಟ್ಟಿದರು. ತಟ್ಟಿದ ರಭಸಕ್ಕೆ ಟ್ರಾನ್ಸಿಸ್ಟರು ಅವನ ಬೆರಳಿನಿಂದ ಹಾರಿ ದರ್ಜಿಯ ಗುಂಡಿಗಳ ಡಬ್ಬಿಗೆ ಬಿತ್ತು. ಅದೋ ಕಡುಗಪ್ಪು; ಡಬ್ಬಿಯ ತುಂಬ ಇದ್ದವೂ ಕಪ್ಪು ಗುಂಡಿಗಳೇ.

"ಗಾಬರಿ ಬೇಡಿ," ಎಂದ ದರ್ಜಿ. "ನಾಲ್ಕು ತೂತು ಇರೋದೆಲ್ಲ ನಂದು, ಮೂರು ಕಾಲಿರೋದು ನಿಮ್ದು."

ಮೂವರೂ ನೆಲದ ಮೇಲೆ ಗುಂಡಿ ಹರವಿಕೊಂಡು ಹುಡುಕಿದ್ದೇ ಹುಡುಕಿದ್ದು. ಮಧ್ಯಾಹ್ನದ ಹೊತ್ತಿಗೆ ಅದು ಮೇಷ್ಟ್ರ ಟವೆಲ್ಲಿಗೇ ಸಿಕ್ಕಿಕೊಂಡು ಕೂತಿದ್ದು ಗೊತ್ತಾಯಿತು.

ಅಂತೂ ಬೆಸುಗೆ ಮುಗಿಯಿತು. ಪರೀಕ್ಷೆ ಮಾಡೋಣವೆಂದರೆ ಮನೆಯಲ್ಲಿ ಹನಿ ನೀರಿಲ್ಲ. ದರ್ಜಿ ಕಣ್ಣೀರಿನ ಜೊತೆಗೇ ಒಂದು ಕೋಟಿನ ತೋಳು ಹಿಂಡಿ ಲೋಟ ತುಂಬಿಸಿಕೊಟ್ಟ. ಸೆನ್ಸರಿನ ತುದಿ ನೀರಿಗೆ ಅದ್ದಿದರೆ, ಪರೀಕ್ಷೆಗೆಂದು ಮೋಟಾರಿನ ಬದಲು ಜೋಡಿಸಿದ್ದ ಪುಟ್ಟ ದೀಪ ಆರಿತು, ಮೇಲೆತ್ತಿದರೆ ಹೊತ್ತಿತು. ಅಳಿಯ ಕುಣಿದಾಡಿಬಿಟ್ಟ. ಮೇಷ್ಟ್ರು ಅವನಿಗೆ ನೂರಕ್ಕೆ ನೂರು ಕೊಟ್ಟರು.

ಸಂಜೆ ಎಲ್ಲರೂ ಮೋಟಾರಿನ ಮುಂದೆ ನೆರೆದರು. ಹೆಂಡತಿ ಗಂಡನತ್ತ ಹೆಮ್ಮೆಯಿಂದ ನೋಡುತ್ತಿದ್ದಳು. ಟ್ಯಾಂಕು ಖಾಲಿ, ಆದ್ದರಿಂದ ಮೋಟಾರು ಓಡಲೇಬೇಕು. ಅಳಿಯ ಸರ್ಕ್ಯೂಟ್ ಜೋಡಿಸಿ, ಎದೆಯುಬ್ಬಿಸಿ ಸ್ವಿಚ್ ಒತ್ತಿದ.

ಮೋಟಾರು ಅಲ್ಲಾಡಲಿಲ್ಲ.

"ನಂಗೊತ್ತಿತ್ತು!" ಎಂದು ಶುರುಮಾಡಿದ ಮಾವನ ಮುಖ ಯಾಕೋ ಅಷ್ಟಕ್ಕೇ ಪೆಚ್ಚಾಯಿತು. "ಅಲ್ರೀ, ಓಡ್ಬೇಕಿತ್ತಲ್ಲ? ನೀವು ಹೆಂಗೂ ಉಲ್ಟಾ ಜೋಡಿಸ್ತೀರ ಅಂತ, ಬೋರ್ಡಿನೊಳಗಿನ ವೈರನ್ನ ಮಧ್ಯಾಹ್ನವೇ ಆಚೆ ಸ್ಕ್ರೂಗೆ ಬದಲಾಯಿಸಿಟ್ಟಿದ್ದೆ!"

"ಅಯ್ಯೋ ಮಾವ, ನಾನು ಸರಿಯಾಗೇ ಜೋಡಿಸಿದ್ದೆ! ಸರಿಯಾಗಿದ್ದನ್ನ ನೀವು ಮತ್ತೆ ಉಲ್ಟಾ ಮಾಡಿದ್ದೀರ!"

"ಅದು ನಂಗೆ ಹೆಂಗ್ರೀ ಗೊತ್ತಾಗ್ಬೇಕು? ಹಿಂದೆ ಯಾವತ್ತಾದ್ರೂ ಹಂಗೆ ಆಗಿತ್ತಾ?"

ಮಾವ ಅವಸರದಲ್ಲಿ, ಸ್ವಿಚ್ ಆರಿಸುವುದನ್ನೂ ಮರೆತು, ವೈರನ್ನು ಹಿಂದಿನ ಸ್ಕ್ರೂಗೆ ಹಾಕಹೋದರು. ಫಟ್ ಎಂದಿತು ಬೋರ್ಡು. ಹೊಗೆಯೊಂದಿಗೆ ಟ್ರಾನ್ಸಿಸ್ಟರಿನ ಆತ್ಮವೂ ಹೊರಟುಹೋಯಿತು.

"ಇನ್ನೇನು, ಹತ್ತಿ ತಾರಸಿಗೆ," ಎಂದರು ಮಾವ.

ಮೋಟಾರಿಗೆ ಹಳೆಯ ಕೈಸ್ವಿಚ್ ಜೋಡಿಸಿದ್ದಾಯಿತು. ಅಳಿಯ ಅವಮಾನ ನುಂಗಿಕೊಂಡು ಮೆಟ್ಟಿಲೇರಿದ. ಕೆಳಗೆ ಹೆಂಡತಿ ಅಪ್ಪನಿಗೆ ಏನೋ ಜೋರಾಗಿ ಹೇಳುತ್ತಿದ್ದುದು ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಟ್ಯಾಂಕು ಕಂಠದವರೆಗೆ ಬಂದಾಗ ಅವನ ತಲೆ ಚುರುಕಾಯಿತು. ತುಂಬಿತು ಅಂದರೆ ಈ ಮನುಷ್ಯ ಖಂಡಿತ ಆರಿಸುವುದಿಲ್ಲ. ಇಡೀ ಮನೆಯಲ್ಲಿ ಕೆಟ್ಟುಹೋಗದೆ ಉಳಿದಿರುವ ಇನ್ವರ್ಟರ್ ಅಂದರೆ ಮಾವನೊಬ್ಬರೇ! ಗೆದ್ದೆನೆಂಬ ಖುಷಿಯಲ್ಲಿ ಕೂಗಿದ:

"ಮಾವಾ! ಇನ್ನೂ ತುಂಬಿಲ್ಲ!"

ನೀರು ಅಂಚು ದಾಟಿತು. ಅಳಿಯ ಅಡಿಯಿಂದ ಮುಡಿಯವರೆಗೆ ತೋಯ್ದ. ದರ್ಜಿ ಎರಡನೇ ಸಲ ಒಣಹಾಕಿದ್ದ ಕೋಟುಗಳ ಮೇಲೂ ಧಾರೆ ಇಳಿಯಿತು.

"ಖಾಲಿ ಮಾವಾ! ಪೂರ್ತಿ ಖಾಲಿ! ದಯವಿಟ್ಟು ಆರಿಸ್ಬೇಡಿ!"

ಕೆಳಗಿನಿಂದ ಮಾವನ ದನಿ ಬಂತು. ಅಷ್ಟು ಅಕ್ಕರೆ ಅವನು ಈವರೆಗೆ ಕೇಳಿರಲಿಲ್ಲ.

"ಆಗ್ಲಿ ಅಳಿಯಂದ್ರೇ! ಮಗಳು ನನ್ನ ಕಣ್ಣು ತೆರೆಸಿದ್ಲು. ಇವತ್ತಿಂದ ನೀವು ಹೇಳಿದ್ದೇ ವೇದವಾಕ್ಯ. ನೀವು ಬಾಯಿಬಿಟ್ಟು ತುಂಬ್ತು ಅನ್ನೋವರೆಗೂ ನಾನು ಸ್ವಿಚ್ ಮುಟ್ಟಿದ್ರೆ ಕೇಳಿ! ನಾಳೆ ಬೆಳಗ್ಗೇನೂ ನಿಮ್ಮನ್ನೇ ನಂಬಿರ್ತೀನಿ!"